ಜಾಲರೆಕ್ಕೆಯ ಕೀಟಗಳ ಪಟ್ಟಿಗಳು: ಹೆಸರು, ಎಣಿಕೆ ಮತ್ತು ಸಾಕ್ಷ್ಯ

ಒಂದು ಪ್ರದೇಶದ ಕೀಟಗಳ ಪಟ್ಟಿಯನ್ನು ಇತಿಹಾಸದ ಅಧ್ಯಾಪಕನು ವಿಮರ್ಶೆಗೆ ಎತ್ತಿಕೊಳ್ಳುವುದು ಅನಧಿಕಾರ ಪ್ರವೇಶವೆಂದು ಕೆಲವರಿಗೆ ತೋರಬಹುದು. ಆದರೆ ಅಂತಹ ಪಟ್ಟಿಯೂ ಒಂದು ದಾಖಲೆಯೇ. ಯಾರೋ ಒಬ್ಬರು, ಒಂದು ಕಾಲದಲ್ಲಿ, ಒಂದು ಉದ್ದೇಶದಿಂದ, ಒಂದು ಸಾಧನದ ನೆರವಿನಿಂದ ಕಂಡದ್ದನ್ನು ಅದು ತಿಳಿಸುತ್ತದೆ. ಶಾಸನಗಳಿಗೂ ಕಡತಗಳಿಗೂ ನಾವು ಹಾಕುವ ಪ್ರಶ್ನೆಗಳನ್ನು ಅದಕ್ಕೂ ಹಾಕುವುದು ನ್ಯಾಯವೇ ಆಗಿದೆ. ಪ್ರಕೃತ ಲೇಖನದಲ್ಲಿ ಜಾಲರೆಕ್ಕೆಯ ಕೀಟಗಳನ್ನು ನಿದರ್ಶನವಾಗಿಟ್ಟುಕೊಂಡು, ಭಾರತದಲ್ಲಿ ಅವುಗಳ ವೈವಿಧ್ಯ ಮತ್ತು ವಿಪುಲತೆಗಳನ್ನು ಕುರಿತ ಹೇಳಿಕೆಗಳು ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನು ಪರಿಶೀಲಿಸಲಾಗಿದೆ.

ಮೊದಲು ಈ ಕೀಟಗಳ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡುವುದು ಉಚಿತ. ಹಸಿರು ಮೈ, ಹೊನ್ನಿನಂತೆ ಮಿನುಗುವ ಕಣ್ಣು, ಬಲೆಯಂತೆ ನರಗಳು ಹೆಣೆದುಕೊಂಡ ಪಾರದರ್ಶಕವಾದ ನಾಲ್ಕು ರೆಕ್ಕೆ, ಇವು ಹಸಿರು ಜಾಲರೆಕ್ಕೆಯ ಕೀಟದ ಲಕ್ಷಣಗಳು. ಕೂದಲೆಳೆಯಂತಹ ತೊಟ್ಟಿನ ತುದಿಯಲ್ಲಿ ಅದು ತನ್ನ ಮೊಟ್ಟೆಯನ್ನು ನಿಲ್ಲಿಸುತ್ತದೆ. ಮರಿಹುಳು ಸಸ್ಯಹೇನುಗಳನ್ನೂ ಹಿಟ್ಟುತಿಗಣೆಗಳನ್ನೂ ಹಿಡಿದು ಹೀರುತ್ತದೆ. ಆದುದರಿಂದ ರೈತನಿಗೆ ಅದು ಬಂಧು. ಮರಳಿನಲ್ಲಿ ಆಲಿಕೆಯಾಕಾರದ ಕುಣಿ ತೋಡಿ ಇರುವೆಗೆ ಹೊಂಚುಹಾಕುವ ಹುಳುವೂ ಇದೇ ಗಣಕ್ಕೆ ಸೇರಿದುದು. ಜಗತ್ತಿನಲ್ಲಿ ಈ ಗಣದ ಸುಮಾರು 6000 ಜಾತಿಗಳನ್ನು ವಿದ್ವಾಂಸರು ವರ್ಣಿಸಿದ್ದಾರೆ. ಭಾರತದಲ್ಲಿ ದಾಖಲಾಗಿರುವವು 300ಕ್ಕೂ ಮಿಕ್ಕಿವೆ.

ವೈವಿಧ್ಯವೆಂದರೆ ಎಷ್ಟು ಬಗೆಯ ಜಾತಿಗಳು ಇವೆ ಎಂಬುದು. ವಿಪುಲತೆಯೆಂದರೆ ಒಂದೊಂದು ಜಾತಿಯೂ ಎಷ್ಟು ಸಂಖ್ಯೆಯಲ್ಲಿದೆ ಎಂಬುದು. ಮೊದಲನೆಯದು ಹೆಸರನ್ನು ಅವಲಂಬಿಸಿದೆ, ಎರಡನೆಯದು ಎಣಿಕೆಯನ್ನು. ಹೆಸರು ಸಂದಿಗ್ಧವಾದರೆ ವೈವಿಧ್ಯದ ಲೆಕ್ಕ ಕೆಡುತ್ತದೆ. ಎಣಿಸಿದ ರೀತಿ ಸಂದಿಗ್ಧವಾದರೆ ವಿಪುಲತೆಯ ಲೆಕ್ಕ ಕೆಡುತ್ತದೆ. ಪಟ್ಟಿಯ ಕೊನೆಯಲ್ಲಿ ಕಾಣುವ ಮೊತ್ತವು ಪ್ರಕೃತಿಯಷ್ಟನ್ನೇ ಅಲ್ಲದೆ ಪಟ್ಟಿಕಾರನನ್ನೂ ತೋರಿಸುತ್ತದೆ ಎಂಬುದೇ ಇಲ್ಲಿ ಪ್ರತಿಪಾದಿಸುವ ಅಂಶ.

ಹೆಸರಿನ ಪ್ರಶ್ನೆಯನ್ನು ಮೊದಲು ನೋಡೋಣ. 1758ರಲ್ಲಿ ಲಿನೇಯಸನು ಈ ಗಣಕ್ಕೆ ನ್ಯೂರಾಪ್ಟರ ಎಂದು ಹೆಸರಿಟ್ಟಾಗ ಅದರಲ್ಲಿ ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಕರೆಯುವ ಕೊಡತಿಕೀಟಗಳೂ, ಒಂದೆರಡು ದಿನ ಮಾತ್ರ ಬದುಕುವ ಎಫೆಮೆರಗಳೂ ಸೇರಿದ್ದವು. ಅವೆಲ್ಲವನ್ನೂ ಮುಂದಿನ ವಿದ್ವಾಂಸರು ಬೇರೆ ಬೇರೆ ಗಣಗಳಾಗಿ ವಿಂಗಡಿಸಿದರು. ಹಳೆಯ ಪಟ್ಟಿಯೊಂದರಲ್ಲಿ ಈ ಗಣದ ಕೀಟಗಳು ಹೆಚ್ಚಾಗಿಯೂ ಇಂದಿನ ಪಟ್ಟಿಯಲ್ಲಿ ಕಡಿಮೆಯಾಗಿಯೂ ಕಂಡರೆ, ಕೀಟಗಳು ಕ್ಷೀಣಿಸಿದವೆಂದು ತೀರ್ಮಾನಿಸುವ ಮುನ್ನ ಗಣದ ಮೇರೆಯೇ ಬದಲಾಗಿದೆಯೇ ಎಂದು ವಿಚಾರಿಸಬೇಕು. ತಾಲ್ಲೂಕಿನ ಗಡಿ ಬದಲಾದುದನ್ನು ಗಮನಿಸದೆ ಎರಡು ಜನಗಣತಿಗಳನ್ನು ಹೋಲಿಸುವವನು ಇಂತಹ ತಪ್ಪನ್ನೇ ಮಾಡುತ್ತಾನೆ.

ಜಾತಿಯ ಮಟ್ಟದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾಗಿದೆ. 1836ರಲ್ಲಿ ಸ್ಟೀಫನ್ಸನು ಇಂಗ್ಲೆಂಡಿನ ಒಂದು ಕೀಟವನ್ನು ಕಾರ್ನಿಯ ಎಂಬ ಹೆಸರಿನಿಂದ ವರ್ಣಿಸಿದನು. ಆ ಪದಕ್ಕೆ ಮಾಂಸವರ್ಣದ್ದು ಎಂದರ್ಥ. ಶೀತ ದೇಶದಲ್ಲಿ ಈ ಹಸಿರು ಕೀಟ ಚಳಿಗಾಲ ಕಳೆಯುವಾಗ ಕೆಂಗಂದು ಬಣ್ಣಕ್ಕೆ ತಿರುಗಿ, ವಸಂತದಲ್ಲಿ ಮರಳಿ ಹಸಿರಾಗುತ್ತದೆ. 1851ರಲ್ಲಿ ಷ್ನೈಡರನು ವಲ್ಗ್ಯಾರಿಸ್ ಎಂಬ ಬೇರೊಂದು ಹೆಸರನ್ನು ಕೊಟ್ಟನು. ಹೀಗೆ ಒಂದಕ್ಕೆ ಹಲವು ಹೆಸರುಗಳಾದುವು. ಅನಂತರದ ತಲೆಮಾರು ಇದನ್ನು ಸರಿಪಡಿಸಲು ಹೊರಟು ಹೆಸರುಗಳನ್ನು ಒಂದುಗೂಡಿಸುತ್ತ ಹೋಯಿತು. ಕೊನೆಗೆ ಯೂರೋಪು, ಏಷ್ಯ, ಉತ್ತರ ಅಮೆರಿಕಗಳ ಹಸಿರು ಕೀಟಗಳು ಬಹುಮಟ್ಟಿಗೆ ಕಾರ್ನಿಯ ಎಂಬ ಒಂದೇ ಹೆಸರಿನ ಕೆಳಗೆ ಬಂದುವು. ಈಗ ಒಂದು ಹೆಸರಿಗೆ ಹಲವು ಕೀಟಗಳಾದುವು.

ನಮ್ಮ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸನ್ನಿವೇಶವಲ್ಲ. ನೃಪತುಂಗನೂ ಒಂದನೆಯ ಅಮೋಘವರ್ಷನೂ ಒಬ್ಬನೇ ದೊರೆ. ಅಮೋಘವರ್ಷ ಎಂಬ ಬಿರುದಾದರೋ ರಾಷ್ಟ್ರಕೂಟರಲ್ಲಿ ಮೂವರಿಗೆ ಸಲ್ಲುತ್ತದೆ. ಕಾಲವೂ ಸ್ಥಳವೂ ತಿಳಿಯದ ಶಾಸನದಲ್ಲಿ ಬರಿಯ ಬಿರುದು ಕಂಡೊಡನೆ ದೊರೆಯನ್ನು ನಿರ್ಣಯಿಸುವವನನ್ನು ನಾವು ವಿದ್ವಾಂಸನೆನ್ನುವುದಿಲ್ಲ. ಕಾರ್ನಿಯ ಎಂಬ ಹೆಸರೂ ಬಹುಕಾಲ ಅಂತಹ ಬಿರುದಿನಂತೆಯೇ ಇದ್ದಿತು.

ಈ ಗಂಟನ್ನು ಬಿಡಿಸಿದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ಚಾರ್ಲ್ಸ್ ಹೆನ್ರಿ ಮತ್ತು ಅವರ ಸಹೋದ್ಯೋಗಿಗಳಿಗೆ ಸಲ್ಲಬೇಕು. ಈ ಕೀಟಗಳು ಕೂಡುವ ಮೊದಲು ಗಂಡು ಹೆಣ್ಣುಗಳೆರಡೂ ಹೊಟ್ಟೆಯನ್ನು ಅಲುಗಿಸಿ, ಕಾಲಿನ ಮೂಲಕ ಎಲೆಗೂ ಕಾಂಡಕ್ಕೂ ಕಂಪನವನ್ನು ಕಳುಹಿಸುತ್ತವೆ. ಒಂದು ಕೇಳಿದರೆ ಇನ್ನೊಂದು ಉತ್ತರಿಸುವ ಈ ಸಂವಾದ ಮನುಷ್ಯನ ಕಿವಿಗೆ ಕೇಳಿಸದು, ಯಂತ್ರದಿಂದ ಗ್ರಹಿಸಬೇಕು. 1979ರಿಂದ ಹೆನ್ರಿಯವರು ಇದನ್ನು ಕುರಿತು ಪ್ರಕಟಿಸುತ್ತ ಬಂದರು. ನೋಟಕ್ಕೆ ಭೇದವೇ ಇಲ್ಲದ ಕೀಟಗಳು ಬೇರೆ ಬೇರೆ ಗೀತಗಳನ್ನು ಹಾಡುತ್ತವೆ, ಗೀತ ಹೊಂದದಿದ್ದರೆ ಕೂಡುವುದಿಲ್ಲ ಎಂಬುದು ಇದರಿಂದ ಸ್ಥಿರಪಟ್ಟಿತು. 2002ರಲ್ಲಿ ಅವರೂ ಬ್ರೂಕ್ಸ್, ಡ್ಯೂಲಿ, ಜಾನ್ಸನ್ ಅವರೂ ಸೇರಿ, ಸ್ಟೀಫನ್ಸನ ಹೆಸರು ನಿಜವಾಗಿ ಯಾವ ಯೂರೋಪಿಯನ್ ಕೀಟಕ್ಕೆ ಸಲ್ಲಬೇಕೆಂಬುದನ್ನು ಗೀತ, ಆಕಾರ, ಜೀವನಕ್ರಮ ಈ ಮೂರು ಸಾಕ್ಷ್ಯಗಳಿಂದ ನಿರ್ಣಯಿಸಿದರು.

ಭಾರತಕ್ಕೆ ನೇರವಾಗಿ ಸಂಬಂಧಿಸಿದುದು 2010ರ ಪ್ರಬಂಧ. ಇದರ ಕರ್ತೃಗಳಲ್ಲಿ ಮೇಲಿನ ನಾಲ್ವರ ಜೊತೆಗೆ ಬೆಂಗಳೂರಿನ ಟಿ. ವೆಂಕಟೇಶನ್ ಅವರೂ ಇದ್ದಾರೆ. ನಮ್ಮ ಕೃಷಿ ಗ್ರಂಥಗಳು ದಶಕಗಳ ಕಾಲ ಕ್ರೈಸೋಪರ್ಲ ಕಾರ್ನಿಯ ಎಂದು ಕರೆಯುತ್ತಿದ್ದ, ಅಕ್ಕಿಪತಂಗದ ಮೊಟ್ಟೆಗಳನ್ನು ತಿನ್ನಿಸಿ ಪ್ರಯೋಗಾಲಯಗಳಲ್ಲಿ ಬೆಳೆಸಿ ಹೊಲಗಳಿಗೆ ಬಿಡುತ್ತಿದ್ದ ಕೀಟ ಕಾರ್ನಿಯ ಅಲ್ಲವೆಂದು ಅವರು ತೋರಿಸಿದರು. ಅದರ ಗೀತ ದಕ್ಷಿಣ ಆಫ್ರಿಕದ ಜಾಸ್ಟ್ರೋವಿ ಎಂಬ ಜಾತಿಯ ಗೀತಕ್ಕೆ ಹೊಂದುತ್ತದೆ. 1935ರಲ್ಲಿ ಡೆನ್ಮಾರ್ಕಿನ ಎಸ್ಬೆನ್-ಪೆಟರ್ಸನ್ನನು, ಡಚ್ಚರ ಕಾರಕೋರಂ ಯಾತ್ರೆಯ ಸಂಗ್ರಹದಿಂದ ಸಿಲ್ಲೆಮಿ ಎಂದು ವರ್ಣಿಸಿದ್ದ ಕೀಟವೇ ಇದು. ಆದುದರಿಂದ ಇದನ್ನು ಜಾಸ್ಟ್ರೋವಿಯ ಉಪಜಾತಿಯೆಂದು, ಕ್ರೈಸೋಪರ್ಲ ಜಾಸ್ಟ್ರೋವಿ ಸಿಲ್ಲೆಮಿ ಎಂದು ಕರೆಯಲಾಯಿತು.

ಈ ಪ್ರಬಂಧದ ಗುಣ ನಿರ್ವಿವಾದವಾದುದು. ಒಂದೇ ಸಾಕ್ಷ್ಯದ ಮೇಲೆ ನಿಲ್ಲದೆ ಗೀತವನ್ನೂ ದೇಹರಚನೆಯನ್ನೂ ಹೋಲಿಸಿದ್ದಾರೆ. ಹೊಸ ಹೆಸರನ್ನು ಸೃಷ್ಟಿಸುವ ಚಪಲಕ್ಕೆ ಒಳಗಾಗದೆ ಹಳೆಯ ದಾಖಲೆಯನ್ನು ಹುಡುಕಿ ಅದಕ್ಕೆ ಸಲ್ಲಬೇಕಾದ ಮಾನವನ್ನು ಸಲ್ಲಿಸಿದ್ದಾರೆ. ಇದು ಉತ್ತಮ ಇತಿಹಾಸಕಾರನ ನಡತೆ. ಆದರೆ ಅದರ ಮೇರೆಗಳನ್ನೂ ಗುರುತಿಸಬೇಕು. ಗೀತದ ಪರೀಕ್ಷೆಗೆ ಜೀವಂತ ಕೀಟ ಬೇಕು. ಸೂಜಿಗೆ ಚುಚ್ಚಿಟ್ಟ ಒಣ ಮಾದರಿ ಹಾಡುವುದಿಲ್ಲ. 2010ಕ್ಕೆ ಮುಂಚಿನ ಭಾರತೀಯ ಪಟ್ಟಿಗಳಲ್ಲಿ ಕಾರ್ನಿಯ ಎಂದಿರುವಲ್ಲೆಲ್ಲ ಆ ಪದವನ್ನು ಹೊಡೆದು ಹೊಸ ಹೆಸರನ್ನು ಬರೆದರೆ ಸಾಲದು. ಮಾದರಿಯು ಉಳಿದಿದ್ದಲ್ಲಿ ಅದನ್ನು ಮತ್ತೆ ನೋಡಬೇಕು, ಉಳಿಯದಿದ್ದಲ್ಲಿ ದಾಖಲೆಯನ್ನು ಸಂದೇಹಾಸ್ಪದವೆಂದು ಗುರುತಿಸಬೇಕು. ಎರಡನೆಯದಾಗಿ, ಶೀರ್ಷಿಕೆಯೇ ಹೇಳುವಂತೆ ಅದು ಕೃಷಿ ಬೆಳೆಗಳಲ್ಲಿನ ಪ್ರಮುಖ ಕೀಟವನ್ನು ಕುರಿತುದು. ಬೆಳೆಯ ಹೊಲದ ಮಾತನ್ನು ಮಲೆನಾಡಿನ ಕಾಡಿಗೆ ಅನ್ವಯಿಸುವ ಹೊಣೆ ಪ್ರಬಂಧಕಾರರದಲ್ಲ, ಅವಸರದ ಓದುಗನದು.

ಇನ್ನು ಎಣಿಕೆಯ ಪ್ರಶ್ನೆ. ಬೀಸುಬಲೆಯಿಂದ ಹಿಡಿದಾಗ ಪೊದೆಯ ಮೇಲಿನ ಕೀಟ ಸಿಗುತ್ತದೆ, ಮರದ ತಲೆಯ ಮೇಲಿನದು ಸಿಗುವುದಿಲ್ಲ. ದೀಪದ ಬಲೆಗೆ ಇರುಳಿನಲ್ಲಿ ಹಾರುವವು ಬರುತ್ತವೆ. ಅವೂ ಬೆಳುದಿಂಗಳ ರಾತ್ರಿ ಕಡಿಮೆ. ಒಂದು ಜಿಲ್ಲೆಯಲ್ಲಿ ಒಂದು ಜಾತಿಯೇ ಅತಿ ವಿಪುಲವೆಂದು ವರದಿಯಾದರೆ, ಆ ಹೊಲಗಳಿಗೆ ಪ್ರಯೋಗಾಲಯದಿಂದ ಅದೇ ಜಾತಿಯನ್ನು ಬಿಡಲಾಗಿತ್ತೇ ಎಂದು ಕೇಳಲೇಬೇಕು. ಬಿತ್ತಿದ್ದನ್ನು ಕೊಯ್ದು, ಅದನ್ನು ನೆಲದ ಸಹಜ ಸಂಪತ್ತೆಂದು ಬರೆದುಕೊಳ್ಳುವುದು ಸಲ್ಲದು.

ಎಣಿಕೆಯ ವಿಷಯದಲ್ಲಿ ಜರ್ಮನಿಯ ಕ್ರೇಫೆಲ್ಡ್ ಕೀಟಶಾಸ್ತ್ರ ಸಂಘದ ದತ್ತಾಂಶಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಆದರ್ಶಪ್ರಾಯವೆಂದು ಹೊಗಳಿಸಿಕೊಂಡಿದೆ. 1989ರಿಂದ 2016ರವರೆಗೆ, 63 ಸಂರಕ್ಷಿತ ಸ್ಥಳಗಳಲ್ಲಿ, ಒಂದೇ ಬಗೆಯ ಗುಡಾರದಾಕಾರದ ಬಲೆಗಳಿಂದ ಸಂಗ್ರಹಿಸಿದ ಹಾರುವ ಕೀಟಗಳ ಒಟ್ಟು ತೂಕ ನೂರಕ್ಕೆ 75ಕ್ಕೂ ಹೆಚ್ಚು ಇಳಿದಿದೆಯೆಂದು ಅದು ತಿಳಿಸಿತು. ಬಲೆಯನ್ನೂ ವಿಧಾನವನ್ನೂ ಬದಲಿಸದೆ ಉಳಿಸಿಕೊಂಡುದೇ ಅದರ ಬಲ. ಆದರೂ ಆ 63ರಲ್ಲಿ 37 ಸ್ಥಳಗಳಲ್ಲಿ ಒಂದೊಂದು ವರ್ಷ ಮಾತ್ರ ಸಂಗ್ರಹ ನಡೆದಿತ್ತು. ತೂಗಿದುದು ಒಟ್ಟು ರಾಶಿಯನ್ನು, ಜಾತಿಗಳನ್ನಲ್ಲ. ಜಾಲರೆಕ್ಕೆಯ ಕೀಟಗಳು ಎಷ್ಟು ಕಡಿಮೆಯಾದುವೆಂಬುದಕ್ಕೆ ಆ ತೂಕ ಸಾಕ್ಷಿಯಾಗಲಾರದು. ಈ ಮಿತಿಯನ್ನು ಹೇಳುವುದು ಅಧ್ಯಯನವನ್ನು ತಿರಸ್ಕರಿಸಿದಂತಲ್ಲ. ಅದು ಏನನ್ನು ಹೇಳುತ್ತದೆಯೋ ಅದನ್ನಷ್ಟೇ ಕೇಳಿದಂತೆ.

ನಮ್ಮ ಶಾಸ್ತ್ರದಲ್ಲಿಯೂ ಇದಕ್ಕೆ ಸಮಾನವಾದ ಪಾಠವಿದೆ. ಬಿ. ಎಲ್. ರೈಸ್ ಅವರು 1886ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು 1972ರಿಂದ ಬರತೊಡಗಿದಾಗ ಹಿಂದೆ ಕಾಣದಿದ್ದ ಅನೇಕ ಶಾಸನಗಳು ಸೇರಿಕೊಂಡುವು. ಕಲ್ಲುಗಳು ನಡುವೆ ಹುಟ್ಟಿದವಲ್ಲ. ಹುಡುಕುವವರು ಮತ್ತೆ ನಡೆದಾಡಿದರು, ಅಷ್ಟೆ. ಕೀಟದ ಪಟ್ಟಿಗಳಲ್ಲಿಯೂ ಒಂದು ಜಿಲ್ಲೆ ಸಮೃದ್ಧವಾಗಿ, ನೆರೆಯ ಜಿಲ್ಲೆ ಬರಡಾಗಿ ಕಂಡರೆ, ಸಂಶೋಧನಾಲಯ ಎಲ್ಲಿದೆ, ರಸ್ತೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಇದು ಪಂಡಿತರ ಜಗಳ ಮಾತ್ರವೆಂದು ಭಾವಿಸಲಾಗದು. ಒಂದು ನಾಡಿನಲ್ಲಿ ಉಪಕಾರಿ ಕೀಟಗಳು ಹೇರಳವಾಗಿವೆಯೆಂದು ತಪ್ಪಾಗಿ ನಂಬಿದರೆ ಅವನ್ನು ಉಳಿಸುವ ಚಿಂತೆ ಹಿಂದೆ ಬೀಳುತ್ತದೆ. ಯೂರೋಪಿನ ಕಾರ್ನಿಯದ ಸ್ವಭಾವವನ್ನು ಓದಿ, ಬೇರೊಂದು ಕೀಟವನ್ನು ಹೊಲಕ್ಕೆ ಬಿಟ್ಟರೆ, ಫಲ ದೊರೆಯದಿದ್ದಾಗ ನಷ್ಟ ಪುಸ್ತಕ ಬರೆದವರಿಗಲ್ಲ, ಹೊಲದೊಡೆಯನಿಗೆ. ನೂರು ವರ್ಷಗಳ ಬಳಿಕ ಈ ಪಟ್ಟಿಗಳನ್ನು ಓದಿ ನಮ್ಮ ಕಾಲದ ಪ್ರಕೃತಿಯ ಚರಿತ್ರೆಯನ್ನು ಬರೆಯಹೊರಡುವವರಿಗೂ ಇವುಗಳ ಹೊರತು ಹೆಚ್ಚಿನ ಆಧಾರ ದೊರೆಯಲಾರದು.

ಆದುದರಿಂದ ಪ್ರದೇಶದ ಕೀಟಗಳ ಪಟ್ಟಿಯನ್ನು ರಚಿಸುವ ವಿದ್ಯಾರ್ಥಿಗಳು ಪ್ರತಿ ಹೆಸರಿನೊಡನೆ ನಾಲ್ಕು ವಿಷಯಗಳನ್ನು ತಪ್ಪದೆ ನಮೂದಿಸಬೇಕು: ಸ್ಥಳ ಮತ್ತು ದಿನಾಂಕ; ಹಿಡಿದ ಸಾಧನ ಮತ್ತು ಹಿಡಿಯಲು ಕಳೆದ ಕಾಲ; ಜಾತಿಯನ್ನು ಯಾವ ಲಕ್ಷಣದಿಂದ ಯಾರು ನಿರ್ಣಯಿಸಿದರೆಂಬುದು; ಮಾದರಿಯನ್ನು ಎಲ್ಲಿ ಇರಿಸಲಾಗಿದೆಯೆಂಬುದು. ಹುಡುಕಿಯೂ ಏನೂ ದೊರೆಯದ ದಿನಗಳನ್ನು ಕೂಡ ಬರೆದಿಡಬೇಕು. ಬರಿಗೈಯ ದಿನವೂ ಸಾಕ್ಷ್ಯವೇ. ಇವುಗಳಿಲ್ಲದ ಪಟ್ಟಿ ಎಷ್ಟು ಉದ್ದವಾಗಿದ್ದರೂ ಕಾಲ ನಮೂದಿಸದ ಶಾಸನದಂತೆ: ಓದಬಹುದು, ಅದರ ಮೇಲೆ ಕಟ್ಟಡ ಕಟ್ಟಲಾಗದು.