‘ಎಂದು ಕರೆಯಲ್ಪಡುತ್ತದೆ’ : ಖ್ಯಾತಿವಾಚಕ ವಾಕ್ಯಗಳ ವಿಮರ್ಶೆ

ಒಂದು ವಸ್ತುವು ಲೋಕದಲ್ಲಿ ಹೇಗೆ ವಿದಿತವಾಗಿದೆ, ಜನರು ಅದನ್ನು ಏನೆಂದು ಬಗೆದಿದ್ದಾರೆ ಎಂಬುದನ್ನು ಹೇಳುವುದಕ್ಕೆ ಇಂಗ್ಲಿಷ್ ಭಾಷೆಯಲ್ಲಿ ಕರ್ಮಣಿಪ್ರಯೋಗದ ಕೆಲವು ರಚನೆಗಳು ರೂಢವಾಗಿವೆ. ‘ನೋನ್ ಆ್ಯಸ್’ ಎಂಬುದು ಹೆಸರನ್ನೋ ಬಿರುದನ್ನೋ ಹೇಳುತ್ತದೆ. ‘ನೋನ್ ಫಾರ್’ ಎಂಬುದು ಖ್ಯಾತಿಯ ಕಾರಣವನ್ನು. ‘ನೋನ್ ಟು ಬಿ’ ಎಂಬುದು ನಿಶ್ಚಿತವಾದ ಅರಿವನ್ನು. ‘ರಿಗಾರ್ಡೆಡ್ ಆ್ಯಸ್’ ಎಂಬುದು ಅಭಿಪ್ರಾಯವನ್ನು. ‘ಸೆಡ್ ಟು ಬಿ’ ಎಂಬುದು ಜನಶ್ರುತಿಯನ್ನು. ಮೈಕಟ್ಟು ಒಂದೇ ಬಗೆಯಾಗಿ ತೋರಿದರೂ ಅರ್ಥವು ಐದು ಬಗೆ. ಕನ್ನಡ ಗದ್ಯದಲ್ಲಿ, ವಿಶೇಷವಾಗಿ ಪಾಠಪುಸ್ತಕಗಳಲ್ಲಿಯೂ ಸ್ಥಳವರ್ಣನೆಗಳಲ್ಲಿಯೂ, ಈ ಐದೂ ‘ಎಂದು ಕರೆಯಲ್ಪಡುತ್ತದೆ’ ಎಂಬ ಒಂದೇ ಅಚ್ಚಿನಲ್ಲಿ ಬೀಳುತ್ತಿರುವುದುಂಟು. ಇದು ಶೈಲಿಯ ದೋಷವಾಗಿ ಮಾತ್ರ ಉಳಿದಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಹೆಸರಾವುದು, ಮತವಾವುದು, ಸಿದ್ಧಾಂತವಾವುದು ಎಂಬ ವಿವೇಕವೇ ಇದರಿಂದ ಅಳಿಯುತ್ತದೆ.

ಮೊದಲು ‘ಪಡು’ ಧಾತುವಿನ ವಿಚಾರ. ಸಂತೋಷಪಡು, ಕಷ್ಟಪಡು, ನಾಚಿಕೆಪಡು ಎಂಬಲ್ಲಿ ಅದು ಅನುಭವಾರ್ಥಕವಾಗಿ ನಾಮಪದದೊಡನೆ ಸಹಜವಾಗಿ ಕೂಡುತ್ತದೆ. ಕರ್ಮಣಿಯಲ್ಲಿ ಅದರ ಪ್ರಯೋಗವು ಹಳೆಯ ಗ್ರಂಥಗಳಲ್ಲಿಯೂ ಇರುವುದರಿಂದ ಅಶುದ್ಧವೆನ್ನಲಾಗದು. ಆದರೆ ಆಡುಮಾತಿನಲ್ಲಿ ಅದು ವಿರಳ. ಇಳಕಲ್ಲಿನ ನೇಕಾರನಾಗಲಿ ಬಾದಾಮಿಯ ಒಕ್ಕಲಿಗನಾಗಲಿ ತನ್ನ ಊರು ಹೀಗೆಂದು ‘ಕರೆಯಲ್ಪಡುತ್ತದೆ’ ಎನ್ನುವುದಿಲ್ಲ, ‘ಅಂತಾರ’ ಎನ್ನುತ್ತಾನೆ. ಈಚೆಗೆ ‘ಕರೆಯಲಾಗುತ್ತದೆ’ ಎಂದು ತಿದ್ದಿ ಬರೆಯುವವರೂ ಕರ್ತೃವನ್ನು ಮರೆಮಾಡುವುದರಲ್ಲಿ ಹಿಂದಿನವರಿಗೆ ಸಮಾನರೇ.

ಕನ್ನಡಕ್ಕೆ ಈ ವಿಷಯದಲ್ಲಿ ದಾರಿದ್ರ್ಯವಿಲ್ಲ. ‘ಎನ್’ ಎಂಬ ಒಂದೇ ಧಾತುವಿನಿಂದ ನಾಲ್ಕು ಅರ್ಥಗಳು ಸಿದ್ಧವಾಗುತ್ತವೆ. ‘ವಾತಾಪಿಯೆಂಬ ನಗರ’ ಎಂದರೆ ಹೆಸರು. ‘ಶ್ರೇಷ್ಠವೆನಿಸಿದ ಗುಡಿ’ ಎಂದರೆ ಖ್ಯಾತಿ. ‘ಅವರಿಗೆ ಹಾಗೆನಿಸಿತು’ ಎಂದರೆ ಅಭಿಪ್ರಾಯ. ಇಲ್ಲಿ ಬಗೆದವನು ಚತುರ್ಥಿಯಲ್ಲಿ ಪ್ರಕಟವಾಗಿ ನಿಲ್ಲುತ್ತಾನೆ. ‘ಇತ್ತಂತೆ’ ಎಂದರೆ ಜನಶ್ರುತಿ. ಹುನಗುಂದದ ಕಡೆಯ ಮಾತಿನಲ್ಲಿ ಇದೇ ‘ಇತ್ತಂತ’ ಎಂದಾಗುತ್ತದೆ. ಐದನೆಯದಾದ ನಿಶ್ಚಯಜ್ಞಾನಕ್ಕೆ ‘ಶಾಸನದಿಂದ ತಿಳಿಯುತ್ತದೆ’ ಎಂಬ ರಚನೆಯಿದ್ದು, ಅದರಲ್ಲಿ ಪ್ರಮಾಣವೂ ಒಡನೆಯೇ ಬರುತ್ತದೆ. ಇವುಗಳಲ್ಲಿ ‘ಎನಿಸು’ ಎಂಬುದು ಹೆಚ್ಚಿನ ಗಮನಕ್ಕೆ ಅರ್ಹವಾದುದು. ಅದು ಪ್ರೇರಣಾರ್ಥಕ. ಕರೆಯಲ್ಪಡುವ ವಸ್ತು ಸುಮ್ಮನೆ ಬಿದ್ದಿರುತ್ತದೆ. ಎನಿಸುವ ವಸ್ತುವಾದರೋ ತನ್ನ ಗುಣದಿಂದ ಲೋಕದ ಬಾಯಲ್ಲಿ ಆ ಮಾತನ್ನು ಹೊರಡಿಸುತ್ತದೆ. ಶಾಸನಗಳ ಪ್ರಶಸ್ತಿಭಾಗಗಳಲ್ಲಿ ‘ಎನಿಪ’, ‘ಎನಿಸಿದ’ ಎಂಬ ರೂಪಗಳು ಹೇರಳವಾಗಿರುವುದು ಇದರಿಂದಲೇ.

ಸಂಸ್ಕೃತ ವ್ಯಾಕರಣವೂ ಅರಿವಿನ ಮೂಲವನ್ನು ಉಪೇಕ್ಷಿಸಲಿಲ್ಲ. ವಕ್ತೃವು ಕಣ್ಣಾರೆ ಕಾಣದ ಭೂತಕಾಲದ ಸಂಗತಿಗೆ ಪಾಣಿನಿಯು ಲಿಟ್ ಲಕಾರವನ್ನು ಪ್ರತ್ಯೇಕವಾಗಿ ವಿಧಿಸಿದ್ದಾನೆ. ‘ಕಿಲ’ ಎಂಬ ಅವ್ಯಯವು ಕೇಳಿದ ವಾರ್ತೆಯನ್ನು ಸೂಚಿಸುತ್ತದೆ.

ಇನ್ನು ಬಾದಾಮಿ-ಐಹೊಳೆಗಳ ವಿಷಯದಲ್ಲಿ ಈ ಭೇದವನ್ನು ಪರೀಕ್ಷಿಸಬಹುದು. ಬಾದಾಮಿಗೆ ವಾತಾಪಿಯೆಂಬ ಹೆಸರಿತ್ತೆಂಬುದು ಒಂದನೆಯ ಪುಲಕೇಶಿಯ ಶಕ 465ರ, ಎಂದರೆ ಕ್ರಿ.ಶ. 543ರ, ಬಂಡೆಯ ಶಾಸನದಿಂದ ತಿಳಿಯುತ್ತದೆ. ವಾತಾಪಿಯೆಂಬ ರಾಕ್ಷಸನನ್ನು ಅಗಸ್ತ್ಯನು ಜೀರ್ಣಿಸಿಕೊಂಡದ್ದು ಇಲ್ಲಿಯೇ ಅಂತೆ. ಒಂದು ಶಾಸನಸಿದ್ಧ, ಇನ್ನೊಂದು ಪುರಾಣಶ್ರುತಿ. ಎರಡನ್ನೂ ‘ಎಂದು ಹೇಳಲ್ಪಡುತ್ತದೆ’ ಎಂದು ಮುಗಿಸಿದರೆ ವಿದ್ಯಾರ್ಥಿಯು ಶಾಸನವನ್ನು ಕಥೆಯೆಂದೋ ಕಥೆಯನ್ನು ಶಾಸನವೆಂದೋ ತಿಳಿಯುವನು.

ಐಹೊಳೆಯ ‘ದುರ್ಗಾ ದೇವಾಲಯ’ವೆಂಬುದು ಹೆಸರು ಮಾತ್ರ, ಅದು ಸಮೀಪದ ದುರ್ಗದಿಂದ, ಎಂದರೆ ಕೋಟೆಯಿಂದ, ಬಂದದ್ದು, ದೇವಿಯಿಂದ ಬಂದದ್ದಲ್ಲ. ಲಾಡಖಾನ್ ಗುಡಿಗೆ ಆ ಹೆಸರು ಅಲ್ಲಿ ವಾಸವಾಗಿದ್ದವನಿಂದ ಬಂತು. ಅದೇ ಗುಡಿಯ ಕಾಲವಾದರೋ ಮತದ ವಿಷಯ. ಮಂಟಪದಂತಹ ಅದರ ವಿನ್ಯಾಸವನ್ನು ನೋಡಿ ಹೆನ್ರಿ ಕಸೆನ್ಸರು ಅದನ್ನು ಐದನೆಯ ಶತಮಾನಕ್ಕೆ ಸೇರಿಸಿದರು; ತರುವಾಯದ ವಿದ್ವಾಂಸರಲ್ಲಿ ಅನೇಕರು ಏಳು-ಎಂಟನೆಯ ಶತಮಾನಗಳಿಗೆ ಇಳಿಸಿದರು. ‘ಅತಿಪ್ರಾಚೀನವೆಂದು ಪರಿಗಣಿಸಲ್ಪಟ್ಟಿದೆ’ ಎಂಬ ವಾಕ್ಯದಲ್ಲಿ ಈ ವಿವಾದವೆಲ್ಲವೂ ಹೂತುಹೋಗುತ್ತದೆ. ಐಹೊಳೆಯು ದೇವಾಲಯಶಿಲ್ಪದ ತೊಟ್ಟಿಲೆಂಬ ಪ್ರಸಿದ್ಧಿಯೂ ಇಂತಹ ಕಾಲನಿರ್ಣಯಗಳನ್ನೇ ಬಹುಮಟ್ಟಿಗೆ ಆಶ್ರಯಿಸಿದೆ. ಆಶ್ರಯವು ಸಡಿಲಿದರೂ ಕರ್ತೃವಿಲ್ಲದ ವಾಕ್ಯವು ಅಲುಗದೆ ನಿಂತಿರುತ್ತದೆ.

ಮೇಗುಟಿ ಜಿನಾಲಯದ ಶಕ 556ರ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸ-ಭಾರವಿಗಳ ಕೀರ್ತಿಯನ್ನು ತಾನು ಪಡೆದಿರುವುದಾಗಿ ಹೇಳಿಕೊಂಡಿದ್ದಾನೆ. ಇದನ್ನು ‘ರವಿಕೀರ್ತಿಯು ಕಾಳಿದಾಸನಿಗೆ ಸಮಾನನೆಂದು ಭಾವಿಸಲ್ಪಟ್ಟಿದ್ದಾನೆ’ ಎಂದು ಬರೆದರೆ ಕವಿಯ ಆತ್ಮಪ್ರಶಂಸೆಯು ಲೋಕಸಮ್ಮತಿಯಾಗಿ ಬದಲಾಗುತ್ತದೆ. ಇದಕ್ಕೆ ಪ್ರತಿಯಾಗಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಬಾದಾಮಿ ಶಾಸನದ ತ್ರಿಪದಿಯು ಆ ವೀರನಿಗೆ ಮಾಧವನೊಡನೆ ಅಭೇದವನ್ನೇ ಸಾರುತ್ತದೆ. ಬಗೆದವರಾರೆಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಅದು ರೂಪಕ, ಹೇಳುವವನು ಕವಿ.

ವಸ್ತುವಿನ ಖ್ಯಾತಿಯೇ ಪ್ರಧಾನವಾದಲ್ಲಿ ಕರ್ತೃವನ್ನು ಬಿಡುವುದು ದೋಷವಲ್ಲವೆಂದು ಕೆಲವರು ವಾದಿಸಬಹುದು. ಅದು ಸತ್ಯವೇ. ಆದರೆ ಅದಕ್ಕೆ ಕರ್ಮಣಿಪ್ರಯೋಗವೇ ಬೇಕೆಂದಿಲ್ಲ. ‘ಇಳಕಲ್ಲು ಸೀರೆಗೆ ಹೆಸರಾದ ಊರು’ ಎಂಬಲ್ಲಿ ಕರ್ತೃವೂ ಇಲ್ಲ, ಕೊರತೆಯೂ ಇಲ್ಲ. ಬಾಗಲಕೋಟೆಯಲ್ಲಿ ವಿದ್ಯಾಸಂಸ್ಥೆಗಳು ನೆಲಸಿರುವ ವಿದ್ಯಾಗಿರಿಯ ಹೆಸರಿನಲ್ಲಿ ಅವಯವಾರ್ಥವೇ ಸ್ಪಷ್ಟವಾಗಿರುವುದರಿಂದ ‘ವಿದ್ಯಾಗಿರಿಯೆಂಬ ಬಡಾವಣೆ’ ಎಂದರೆ ಸಾಕು.

ಆದಕಾರಣ ಅನುವಾದಕನು ಇಂಗ್ಲಿಷ್ ವಾಕ್ಯವನ್ನು ಕಂಡಾಗ ಮೊದಲು ಕೇಳಬೇಕಾದುದು ಇಷ್ಟು: ಇದು ಹೆಸರೋ, ಖ್ಯಾತಿಯೋ, ಮತವೋ, ಶ್ರುತಿಯೋ, ನಿಶ್ಚಯವೋ? ಮತವಾದರೆ ಯಾರದು? ನಿಶ್ಚಯವಾದರೆ ಯಾವ ಪ್ರಮಾಣದಿಂದ? ಉತ್ತರ ದೊರೆತೊಡನೆ ಕನ್ನಡದ ರೂಪವು ತಾನಾಗಿ ಒದಗುತ್ತದೆ. ಉತ್ತರ ದೊರೆಯದಿದ್ದರೆ ಆ ವಾಕ್ಯವನ್ನು ಬರೆಯದಿರುವುದೇ ಲೇಸು.