ಹಳೆಯ ಟೈಪ್‌ರೈಟರ್ ಜಾಹೀರಾತುಗಳೂ ಸ್ಮೃತಿವಿಚಾರವೂ

ಕಚೇರಿಗಳಿಂದ ಬಹುಮಟ್ಟಿಗೆ ನಿರ್ಗಮಿಸಿದ ಟೈಪ್‌ರೈಟರ್ ಈಗ ಸಂಗ್ರಹಕಾರರ ಮನೆಗಳನ್ನು ಸೇರಿದೆ. ಅದರ ಹಳೆಯ ಜಾಹೀರಾತುಗಳೂ ಚೌಕಟ್ಟು ಹಾಕಿಸಿಕೊಂಡು ಗೋಡೆಯನ್ನೇರಿವೆ. ಇವನ್ನು ನೋಡಿದಾಗ ಉಂಟಾಗುವ ಆರ್ದ್ರಭಾವವನ್ನು ಜನರು ಸ್ಮೃತಿಯೆನ್ನುವರು. ಆದರೆ ಅನುಭವಿಸಿದ ವಿಷಯಕ್ಕೆ ಮಾತ್ರ ಸ್ಮೃತಿಯು ಸಲ್ಲುವುದೆಂಬುದು ಯೋಗಸೂತ್ರಕಾರರ ಮತ. ಆ ಯಂತ್ರದ ಮುಂದೆ ಒಂದು ದಿನವೂ ಕುಳಿತಿರದ ತರುಣನಿಗೆ ಈ ಭಾವವು ಎಲ್ಲಿಂದ ಬಂದಿತು?

ಶಾಕುಂತಲದ ಐದನೆಯ ಅಂಕವನ್ನು ಇಲ್ಲಿ ನೆನೆಯುವುದು ಉಚಿತ. ಹಂಸಪದಿಕೆಯ ಗಾನವನ್ನು ಕೇಳಿದ ದುಷ್ಯಂತನಿಗೆ ಕಾರಣ ತೋರದ ಉತ್ಕಂಠೆಯುಂಟಾಗಲು, ಆತನು ಅದನ್ನು ಜನ್ಮಾಂತರದ ಸ್ನೇಹಗಳಿಗೆ ಆರೋಪಿಸುವನು. ತರುಣನ ಭಾವವೂ ಅದೇ ಜಾತಿಯದೆಂದು ವಾದಿಸಬಹುದು. ಆದರೆ ದುಷ್ಯಂತನ ಉತ್ಕಂಠೆಯು ನಿರಾಲಂಬವಲ್ಲ. ಶಾಪದಿಂದ ಮರೆಯಾದ ಶಕುಂತಲೆಯೇ ಅದಕ್ಕೆ ಆಲಂಬನ. ಜಾಹೀರಾತುಗಳಲ್ಲಿ ಹಾಗೆ ಮರೆಯಾದವರು ಯಾರಾದರೂ ಉಂಟೇ ಎಂಬುದು ವಿಚಾರಣೀಯ.

ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು 1874ರಲ್ಲಿ ಶೋಲ್ಸ್ ಮತ್ತು ಗ್ಲಿಡನ್ ಇವರ ಯಂತ್ರವನ್ನು ಮಾರಾಟಕ್ಕೆ ತಂದಿತು. ಹೊಲಿಗೆಯಂತ್ರಗಳ ವಿಭಾಗದಲ್ಲಿ ತಯಾರಾದುದರಿಂದ ಅದರ ಮೈಮೇಲೆಲ್ಲ ಹೂವಿನ ಚಿತ್ರಗಳಿದ್ದುವು. ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಮೂಡುತ್ತಿದ್ದುವು. ಅಕ್ಷರದ ಕಡ್ಡಿಗಳು ಉರುಳೆಯ ಅಡಿಯಿಂದ ಬಡಿಯುತ್ತಿದ್ದ ಕಾರಣ, ಹೊಡೆದ ಸಾಲನ್ನು ಒಡನೆಯೇ ನೋಡಬೇಕಾದರೆ ಕ್ಯಾರೇಜನ್ನು ಮೇಲೆತ್ತಬೇಕಾಗಿದ್ದಿತು. 1890ರ ದಶಕದಲ್ಲಿ ಬಂದ ಅಂಡರ್‌ವುಡ್ ಯಂತ್ರವು ಮುಂಭಾಗದಿಂದ ಬಡಿದು ಬರೆಹವನ್ನು ಕಣ್ಣೆದುರಿಗೆ ತಂದಿತು. ಅದರ ಜಾಹೀರಾತುಗಳೂ ಈ ಗುಣವನ್ನೇ ಹೊಗಳಿದುವು. ಇದು ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ. ಹೊಗಳಿಕೆಯನ್ನು ಓದಿದ ಸಹೃದಯನಿಗೆ, ಅದಕ್ಕೆ ಮುನ್ನ ತಾನು ಹೊಡೆದುದನ್ನು ತಾನೇ ಕಾಣದೆ ದುಡಿದವಳ ಕಷ್ಟವು ವ್ಯಂಗ್ಯವಾಗಿ ತೋರುವುದು. ಈ ಜಾಹೀರಾತುಗಳ ಮೇಲ್ಮೆ ಇಷ್ಟೇ, ಆದರೆ ಇದು ಅಲ್ಪವಲ್ಲ.

ಆ ದಿನಗಳ ಇಂಗ್ಲಿಷಿನಲ್ಲಿ ಟೈಪ್‌ರೈಟರ್ ಎಂಬ ಒಂದೇ ಶಬ್ದವು ಯಂತ್ರಕ್ಕೂ ಅದನ್ನು ನಡೆಸುವವಳಿಗೂ ವಾಚಕವಾಗಿದ್ದಿತು. ಮುಂದೆ ಅದು ಯಂತ್ರದಲ್ಲಿಯೇ ನಿಂತಿತು. ಕನ್ನಡವು ಬೆರಳಚ್ಚುಯಂತ್ರ, ಬೆರಳಚ್ಚುಗಾರ್ತಿ ಎಂದು ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡುದು ಒಳ್ಳೆಯದೇ ಆಯಿತು; ಬೆರಳನ್ನಂತೂ ಎರಡರಲ್ಲಿಯೂ ಬಿಡಲಿಲ್ಲ.

ಇದಕ್ಕೆ ಪ್ರತಿಯಾಗಿ 1969ರ ಆಲಿವೆಟ್ಟಿ ವ್ಯಾಲೆಂಟೈನನ್ನು ನೋಡಬಹುದು. ಇಟಲಿಯ ಆ ಸಂಸ್ಥೆಗಾಗಿ ಸೊತ್ಸಾಸ್ ಮತ್ತು ಪೆರಿ ಕಿಂಗ್ ರೂಪಿಸಿದ ಈ ಕೆಂಪು ಯಂತ್ರವು, ಕಚೇರಿಯೊಂದನ್ನುಳಿದು ಬೇರೆಲ್ಲಿಯಾದರೂ ಬಳಸತಕ್ಕದ್ದೆಂದು ಕಲ್ಪಿತವಾದುದು. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿಯೂ ಅದಕ್ಕೆ ಸ್ಥಾನ ದೊರೆತಿದೆ. ಅದರ ಭಿತ್ತಿಪತ್ರಗಳ ವರ್ಣವೈಚಿತ್ರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಚೇರಿಯನ್ನು ತೆಗೆದೊಡನೆ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತವಳೂ ಹೋದಳು. ಆನಂದವರ್ಧನನು ಕೆಳಗಿನ ಸ್ಥಾನದಲ್ಲಿರಿಸಿದ ಚಿತ್ರಕಾವ್ಯಕ್ಕೆ ಇದು ಸಮೀಪವಾದುದು.

ದುಷ್ಯಂತನು ಉಂಗುರವನ್ನು ಕಂಡು ಶಕುಂತಲೆಯನ್ನು ನೆನೆದನು. ಅಂಡರ್‌ವುಡ್ಡಿನ ಜಾಹೀರಾತು ಅಂತಹ ಅಭಿಜ್ಞಾನವಾಗಬಲ್ಲುದು, ನೋಡುವವನಿಗೆ ಯಂತ್ರದ ವೃತ್ತಾಂತವು ತಿಳಿದಿದ್ದರೆ. ಈ ಬಗೆಯ ಸಂಕಲನಗಳನ್ನು ಹೊರತರುವವರು ಪ್ರತಿಯೊಂದು ಚಿತ್ರದ ಕೆಳಗೂ ಅದರ ವರ್ಷವನ್ನೂ ಯಂತ್ರವು ನಡೆಯುತ್ತಿದ್ದ ಕ್ರಮವನ್ನೂ ಅಚ್ಚುಹಾಕಿಸಿದರೆ ವಾಚಕರಿಗೆ ಉಪಕಾರವಾಗುವುದು.