ಗಾಂಜಾ ಆಯೋಗದ ವರದಿ: ಒಂದು ವಿಮರ್ಶೆ

ಭಾರತದಲ್ಲಿ ಗಾಂಜಾ ಸೇವನೆಯನ್ನು ಅಪರಾಧವೆಂದು ಎಣಿಸಬಾರದೆನ್ನುವವರು ಮೊದಲು ಎತ್ತಿ ತೋರಿಸುವುದು 1894ರ ಗಾಂಜಾ ಆಯೋಗದ ವರದಿಯನ್ನು. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆ ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆಯಿತು. ಅಷ್ಟರಲ್ಲಿ ಇವರು ಆಯ್ದುಕೊಳ್ಳುವುದು ಒಂದೇ ತೀರ್ಮಾನ: ಮಿತಸೇವನೆಯಿಂದ ಹೇಳಿಕೊಳ್ಳುವಂತಹ ಕೇಡಿಲ್ಲ.

ವರದಿಯ ಹಿರಿಮೆ ಇರುವುದು ಬೇರೆಡೆ. ಗಾಂಜಾದಿಂದ ಹುಚ್ಚು ಹಿಡಿಯುವುದೆಂಬ ಮಾತಿಗೆ ಆಗ ಆಧಾರವಾಗಿದ್ದುದು ಹುಚ್ಚಾಸ್ಪತ್ರೆಗಳ ದಾಖಲೆ. ಆಯೋಗವು ಅದನ್ನು ಮರುಪರಿಶೀಲಿಸಿ, ಎಷ್ಟೋ ಪ್ರಕರಣಗಳಲ್ಲಿ ಸರಿಯಾದ ವಿಚಾರಣೆಯಿಲ್ಲದೆ ಬರೆದ ಕಾರಣವೇ ರೋಗನಿರ್ಣಯವಾಗಿ ಉಳಿದುದನ್ನು ಬಯಲಿಗೆಳೆಯಿತು. ಸತ್ಯಶೋಧನೆಯ ಈ ಭಾಗವನ್ನು ನಿಷೇಧವಾದಿಗಳೂ ಓದಬೇಕು. ಹಾಗೆಂದು ಆ ಭಯ ನಿರಾಧಾರವಲ್ಲ. ಹದಿಹರೆಯದಲ್ಲಿ ತೊಡಗಿದ ಅತಿಸೇವನೆಗೂ ಮನೋವಿಕಾರಕ್ಕೂ ನಂಟಿರುವುದನ್ನು ಇಂದಿನ ವೈದ್ಯಶಾಸ್ತ್ರ ಗುರುತಿಸಿದೆ.

ಆಯೋಗ ಸೂಚಿಸಿದ್ದಾದರೂ ಪರವಾನಗಿ ಮತ್ತು ಸುಂಕವನ್ನು. ಸುಂಕವೇ ಸೇವನೆಗೆ ಕಡಿವಾಣವೆಂದು ಅದರ ವಾದ. ಮಾರಾಟದಿಂದ ಆದಾಯ ಪಡೆಯುವ ಸರ್ಕಾರವೇ ಮಿತಿಯನ್ನು ಕಾಯುವುದರಲ್ಲಿನ ತೊಡಕನ್ನು ಅದು ಸಾಕಷ್ಟು ಎದುರಿಸಲಿಲ್ಲ.

ಕೃತ, ಕಾರಿತ, ಅನುಮೋದನೆಗಳ ಭೇದವನ್ನು ಬಲ್ಲ ಓದುಗರಿಗೆ ಇಲ್ಲಿಯ ಗೊಂದಲ ಕೂಡಲೇ ಕಾಣುವುದು. ಸೇದಿದವನನ್ನು ಸೆರೆಗೆ ತಳ್ಳದಿರುವುದು ಒಂದು. ಸೇದಲೆಂದು ಅಂಗಡಿ ತೆರೆಯಿಸಿ ಲಾಭ ಪಡೆಯುವುದು ಇನ್ನೊಂದು. ಎರಡನೆಯದು ಕಾರಿತವೇ ಸರಿ. ಸೆರೆಯಾದರೂ ಯಾರನ್ನು ತಿದ್ದಿದೆ? 1985ರ ಮಾದಕವಸ್ತು ಕಾಯಿದೆಯು ಭಂಗಿಯ ಎಲೆಯನ್ನು ಹೊರಗಿಟ್ಟು, ಅದೇ ಗಿಡದ ಹೂತೆನೆಯನ್ನು ಸೇದಿದವನಿಗೆ ಆರು ತಿಂಗಳವರೆಗಿನ ಸೆರೆ ಇಲ್ಲವೆ ದಂಡ ವಿಧಿಸುತ್ತದೆ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅದರ 64ಎ ಕಲಮು ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಎರಡು ಪಕ್ಷಗಳ ವಾಗ್ವಾದದಲ್ಲಿ ಅದರ ಪ್ರಸ್ತಾಪ ಅಪರೂಪ.